ಸೊಳ್ಳೆಯೂ ಕೊಂಬು ತೊರಕೆಯೂ

2020ರ ಅಕ್ಟೋಬರಿನಲ್ಲಿ ಮಲ್ಪೆಯ ಬೋಟೊಂದರ ಬಲೆಗೆ ಎರಡು ಕೊಂಬು ತೊರಕೆ ಮೀನು (ಮಾಂಟಾ ರೇ) ಬಿದ್ದವು. ಒಂದು 750 ಕೆಜಿ, ಇನ್ನೊಂದು 250. ಕ್ರೇನು ಬಂತು, ಜನ ಮೊಬೈಲ್ ಎತ್ತಿದರು, ಪತ್ರಿಕೆಯಲ್ಲಿ ಫೋಟೋ ಬಂತು. ಅಷ್ಟು ಮರ್ಯಾದೆ ಕಂಡು ನನಗೆ ಸೊಳ್ಳೆಯ ಬಗ್ಗೆ ಮರುಕ ಹುಟ್ಟಿತು. ಅದನ್ನು ಇಷ್ಟು ವರ್ಷ ಬಡಿಯುತ್ತಿದ್ದೇವೆ, ಒಂದು ಸಲವಾದರೂ ಯಾರಾದರೂ ತೂಕ ಮಾಡಿದ್ದಾರೆಯೇ?

ನಾನೇ ಲೆಕ್ಕ ಹಾಕಿದೆ. ಸೊಳ್ಳೆಯ ತೂಕ ಸುಮಾರು ಎರಡೂವರೆ ಮಿಲಿಗ್ರಾಂ. ದೊಡ್ಡ ತೊರಕೆಗೆ ಸರಿತೂಗಲು 30 ಕೋಟಿ ಸೊಳ್ಳೆ ಬೇಕು. ನಮ್ಮ ಬೀದಿಯ ಚರಂಡಿಯ ಮೇಲೆ ನನಗೆ ಪೂರ್ತಿ ಭರವಸೆಯಿದೆ.

ತಮಾಷೆಯೆಂದರೆ, ಬಾಲ್ಯದಲ್ಲಿ ಸೊಳ್ಳೆಯೂ ತೊರಕೆಯ ಹಾಗೆ ಸಾಧುವೇ. ಡ್ರಮ್ಮಿನ ನೀರಲ್ಲಿ ತಲೆಕೆಳಗಾಗಿ ತೂಗುವ ಮರಿ, ಬಾಯಿಯ ಕೂದಲು ಆಡಿಸಿ ಸಣ್ಣ ಕಣಗಳನ್ನು ಸೋಸಿ ತಿನ್ನುತ್ತದೆ. ಕೊಂಬು ತೊರಕೆಯೂ ಅಷ್ಟೇ: ಬಾಯಿ ತೆರೆದು ಈಜುತ್ತ, ಕೊಂಬಿನಿಂದ ನೀರನ್ನು ಒಳಕ್ಕೆ ತಳ್ಳಿಕೊಂಡು, ಕಿವಿರಿನ ಹತ್ತಿರ ಪ್ಲವಕ ಸೋಸಿಕೊಳ್ಳುತ್ತದೆ. ಏಳು ಮೀಟರ್ ಅಗಲಕ್ಕೆ ಬೆಳೆದರೂ ಆ ವ್ರತ ಬಿಡುವುದಿಲ್ಲ. ಸೊಳ್ಳೆಗೆ ರೆಕ್ಕೆ ಬಂದದ್ದೇ ತಡ, ಹೆಣ್ಣಿಗೆ ಮೊಟ್ಟೆಯ ನೆಪದಲ್ಲಿ ನಮ್ಮ ರಕ್ತವೇ ಬೇಕು. ಗಂಡು ಪಾಪ, ಹೂವಿನ ಮಕರಂದದಲ್ಲೇ ತೃಪ್ತ.

ಆದರೆ ಹೆದರುವುದು ಯಾರಿಗೆ? ಬಾಲದಲ್ಲಿ ಮುಳ್ಳಿರುವುದು ಬೇರೆ ಜಾತಿಯ ತೊರಕೆಗಳಿಗೆ. ಕೊಂಬಿನದ್ದಕ್ಕೆ ಚುಚ್ಚುವ ಮುಳ್ಳೇ ಇಲ್ಲ. 2006ರಲ್ಲಿ ಆಸ್ಟ್ರೇಲಿಯಾದ ವನ್ಯಜೀವಿ ಟಿವಿ ತಾರೆ ಸ್ಟೀವ್ ಇರ್ವಿನ್ ಮುಳ್ಳು ತೊರಕೆಯ ತಿವಿತದಿಂದ ಸತ್ತದ್ದು ಜಗತ್ತಿಗೆಲ್ಲ ಸುದ್ದಿ. ಸೊಳ್ಳೆ ಹೊತ್ತು ತರುವ ಮಲೇರಿಯಾ ಒಂದೇ ವರ್ಷಕ್ಕೆ ಸುಮಾರು 6 ಲಕ್ಷ ಜನರನ್ನು ಒಯ್ಯುತ್ತದೆ. ಅದಕ್ಕೆ ಒಳಪುಟದ ಎರಡು ಸಾಲು.

ಕೊಂಬು ತೊರಕೆ ವರ್ಷಕ್ಕೂ ಹೆಚ್ಚು ಕಾಲ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಸೊಳ್ಳೆ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಯಿಟ್ಟು, ಮತ್ತೆ ಊಟಕ್ಕೆ ಹೊರಡುತ್ತದೆ. ಕಾಯಿಲ್, ಬ್ಯಾಟು, ಹೊಗೆ, ಸಂಜೆ ಐದಕ್ಕೆ ಕಿಟಕಿ ಮುಚ್ಚುವ ಕಟ್ಟಳೆ ಎಲ್ಲವೂ ಸೊಳ್ಳೆಯ ವಿರುದ್ಧ. ಅಳಿವಿನಂಚಿನ ಪಟ್ಟಿಗೆ ಸೇರಿದ್ದು ಮಾತ್ರ ಕೊಂಬು ತೊರಕೆ.

ಇಷ್ಟನ್ನೂ ಉಡುಪಿಯ ಭಾವನಿಗೆ ಫೋನಿನಲ್ಲಿ ಒಪ್ಪಿಸಿದೆ. ಸಾವಧಾನವಾಗಿ ಕೇಳಿ, “ಅದೆಲ್ಲ ಸರಿ ಮಾರಾಯ, ಸೊಳ್ಳೆಯದ್ದು ಸುಕ್ಕ ಮಾಡ್ಲಿಕ್ಕೆ ಆಗ್ತದಾ?” ಎಂದರು.