ಬಾವನ ಕೀ, ಮಾಸ್ಟ್ರ ಕೈ

ಬೆಳ್ತಂಗಡಿಯ ನಮ್ಮ ಬಾವ ಹ್ಯಾಮ್ ರೇಡಿಯೋದವರು. ಅವರ ಮನೆಗೆ ಹೋದರೆ ಚಾ ಬರುವ ಮೊದಲು ಮೋರ್ಸ್ ಕೀ ಬರುತ್ತದೆ. "ಒಮ್ಮೆ ಒತ್ತಿ ನೋಡಿ ಮಾರಾಯ್ರೆ, ಎಂತ ಸುಖ ಉಂಟು!" ಒತ್ತಿದರೆ ನನಗೆ ಕೇಳುವುದು ಬರೇ ಟಿಕ್ ಟಿಕ್. ಹಾಗಂತ ಬಾಯಿಬಿಟ್ಟೆನೋ, ಉಪನ್ಯಾಸ ಶುರು.

ಅವರದ್ದು ಪ್ಯಾಡಲ್. ಹೆಬ್ಬೆರಳಿನಲ್ಲಿ ಒತ್ತಿದರೆ ಚುಕ್ಕಿ, ತೋರುಬೆರಳಿನಲ್ಲಿ ಒತ್ತಿದರೆ ಗೆರೆ. ಎರಡನ್ನೂ ಸೇರಿಸಿ ಹಿಚುಕಿದರೆ ಒಂದಾದ ಮೇಲೊಂದು ತಾನಾಗಿ ಬರುತ್ತವೆ. 'ಸಿ' ಅಕ್ಷರಕ್ಕೆ ಗೆರೆ, ಚುಕ್ಕಿ, ಗೆರೆ, ಚುಕ್ಕಿ ಬೇಕಲ್ಲ, ಬಾವ ಗೆರೆಯ ಕಡೆಯಿಂದ ಒಂದು ಸಲ ಹಿಚುಕುತ್ತಾರೆ, ಮುಗಿಯಿತು. ಒಂದು ಗೆರೆ ಮೂರು ಚುಕ್ಕಿಯಷ್ಟು ಉದ್ದ ಇರಬೇಕು ಎಂಬ ಲೆಕ್ಕವೆಲ್ಲ ಕೀಯರ್ ಎಂಬ ಪೆಟ್ಟಿಗೆಯ ತಲೆಬಿಸಿ.

ಇದನ್ನು ಬಂಟ್ವಾಳದ ನಿವೃತ್ತ ತಾರು ಮಾಸ್ಟ್ರ ಎದುರು ಹೊಗಳಬಾರದು. "ಲೆಕ್ಕ ಪೆಟ್ಟಿಗೆ ಇಡುವುದಾದರೆ ನಿಮ್ಮ ಬಾವ ಎಂತಕ್ಕೆ?" ಎನ್ನುತ್ತಾರೆ. ದೇಶದಲ್ಲಿ ತಾರು ನಿಂತದ್ದು 2013ರ ಜುಲೈಯಲ್ಲಿ. ಟೆಲಿಪ್ರಿಂಟರು, ಕಂಪ್ಯೂಟರು ಬಂದು ಮೋರ್ಸ್ ಕುಟ್ಟುವುದು ಅದಕ್ಕೂ ಎಷ್ಟೋ ಮೊದಲೇ ಹೋಗಿತ್ತು. ಮಾಸ್ಟ್ರ ಕೈ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಅವರ ಹಿತ್ತಾಳೆ ಕೀ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ್ದು, ಇಲ್ಲದಿದ್ದರೆ ಕುಟ್ಟಿದ ಹಾಗೆ ಮೇಜಿನ ಮೇಲೆ ಸವಾರಿ ಹೊರಡುತ್ತದೆ. ಹಿಂದಿನ ತಿರುಪು ತಿರುಗಿಸಿ, ಪೋಸ್ಟ್ ಕಾರ್ಡಿನ ಚೂರೊಂದನ್ನು ಸಂದಿಗೆ ತೂರಿಸಿ ನೋಡುತ್ತಾರೆ. ಸಂದು ಅಗಲವಾದರೆ ಟಪ್ ಟಪ್ ಸದ್ದು ಜೋರು, ಮಣಿಕಟ್ಟು ಬೇಗ ಸೋಲುತ್ತದೆ. ತೀರಾ ಕಿರಿದಾದರೆ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಸಡಿಲವಾದರೆ ಗುಂಡಿ ಮೇಲೆ ಬರಲಿಕ್ಕೆ ಉದಾಸೀನ ಮಾಡುತ್ತದೆ, ಬಿಗಿಯಾದರೆ ಬೆರಳಿಗೇ ತಿರುಗಿ ಹೊಡೆಯುತ್ತದೆ. ಅವರದ್ದು ಬ್ರಿಟಿಷ್ ಪದ್ಧತಿ: ಗುಂಡಿ ಎತ್ತರ, ಕೀ ಮೇಜಿನ ಅಂಚಿನಲ್ಲಿ, ಮೊಣಕೈ ಗಾಳಿಯಲ್ಲಿ. ಅಮೆರಿಕದವರು ಚಪ್ಪಟೆ ಗುಂಡಿ ಇಟ್ಟು ತೋಳನ್ನು ಮೇಜಿಗೆ ಒರಗಿಸುತ್ತಾರೆ. "ಉದಾಸೀನದವರು" ಎಂದು ಮಾಸ್ಟ್ರ ತೀರ್ಪು. ನಂಗೇನೋ ಬುದ್ಧಿವಂತರೆಂದೇ ಕಾಣುತ್ತದೆ.

ದಿನವಿಡೀ ಕುಟ್ಟಿ ಕೈ ಮರಗಟ್ಟುವುದು ತಾರಿನವರ ಕಾಯಿಲೆಯೇ ಆಗಿತ್ತು. ಬ್ರಿಟನ್ನಿನಲ್ಲಿ 1908ರಲ್ಲಿ ಅದನ್ನು ಪರಿಹಾರ ಸಿಗುವ ರೋಗಗಳ ಪಟ್ಟಿಗೇ ಸೇರಿಸಿದರು. ಆ ನೋವಿಗೆ ಮದ್ದೆಂದು ಅಮೆರಿಕದ ಹೊರೇಸ್ ಮಾರ್ಟಿನ್ ಆ ಹೊತ್ತಿಗಾಗಲೇ ವೈಬ್ರೊಪ್ಲೆಕ್ಸ್ ಮಾಡಿದ್ದ. ಹ್ಯಾಮ್‌ಗಳ ಬಾಯಲ್ಲಿ ಅದು 'ಬಗ್'. ಮೂಡಬಿದ್ರೆಯ ಸ್ನೇಹಿತನ ಹತ್ತಿರ ಅಂಥದ್ದೊಂದಿದೆ. ಒಂದು ಕಡೆಗೆ ತಳ್ಳಿ ಹಿಡಿದರೆ ಒಳಗಿನ ಸಲಾಕೆ ನಡುಗಿ ಚುಕ್ಕಿಗಳನ್ನು ತಾನೇ ಉದುರಿಸುತ್ತದೆ. ಗೆರೆ ಮಾತ್ರ ಒಂದೊಂದಾಗಿ ಕೈಯಿಂದಲೇ ಆಗಬೇಕು. ಸಲಾಕೆಯ ಮೇಲಿನ ಭಾರದ ತುಂಡನ್ನು ತುದಿಗೆ ಜರುಗಿಸಿದರೆ ಚುಕ್ಕಿಗಳು ನಿಧಾನ. ನಮ್ಮವನು ಜರುಗಿಸುವ ಪೈಕಿ ಅಲ್ಲ. ಹಾಗಾಗಿ ಅವನ ಚುಕ್ಕಿಗಳು ಎಕ್ಸ್‌ಪ್ರೆಸ್ ಬಸ್ಸು, ಗೆರೆಗಳು ಕೈ ತೋರಿಸಿದಲ್ಲೆಲ್ಲ ನಿಲ್ಲುವ ಸರ್ವಿಸ್ ಬಸ್ಸು.

ಆದರೂ ಅದು ಅವನೇ ಎಂದು ಎರಡಕ್ಷರದಲ್ಲಿ ಗೊತ್ತಾಗುತ್ತದಂತೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಆಪರೇಟರುಗಳನ್ನು ಹೀಗೆ ಕೈಗುಣದಿಂದಲೇ ಗುರುತು ಹಿಡಿಯುತ್ತಿದ್ದರು. ಒಂದು ದಿನ ಬಾವ ಒಳಕೋಣೆಯಿಂದ ಕಳಿಸಿದರು, ಮಾಸ್ಟ್ರು ಜಗಲಿಯಲ್ಲಿ ಕಿವಿಕೊಟ್ಟರು. "ಒಂದು ತಪ್ಪೂ ಇಲ್ಲ. ಅಂದರೆ ಯಾರೂ ಅಲ್ಲ, ಪೆಟ್ಟಿಗೆ!"

ಬಾವನಿಗೆ ಸಿಟ್ಟು ಬಂದು ಮಾತು ನನ್ನ ಕಡೆ ತಿರುಗಿತು. ನಾನೂ ಲೈಸೆನ್ಸ್ ಪರೀಕ್ಷೆಗೆ ಕೂರಬೇಕಂತೆ. ಜನರಲ್ ದರ್ಜೆಗೆ ಮೋರ್ಸ್ ಬೇಕು, ರಿಸ್ಟ್ರಿಕ್ಟೆಡ್ ದರ್ಜೆಗೆ ಬೇಡ. "ಹಾಗಾದರೆ ನನಗೆ ಮೋರ್ಸ್ ಬೇಡದ್ದೇ ಸಾಕು, ಮೈಕ್ ಹಿಡಿದು ಮಾತಾಡ್ತೇನೆ" ಅಂದೆ. ಮೂಡಬಿದ್ರೆಯವನೂ ಸೇರಿ ಮೂವರೂ ಅವತ್ತೇ ಮೊದಲ ಸಲ ಒಂದಾದರು, ನನ್ನನ್ನು ಬೈಯಲಿಕ್ಕೆ.