ನೌಕಾಪುನರುಡ್ಡಯನ ಮೀಮಾಂಸೆ: ಒಂದು ತಾತ್ವಿಕ ಅನುಸಂಧಾನದ ಪೂರ್ವಪೀಠಿಕೆಯತ್ತ

ವೈಜ್ಞಾನಿಕ ಕಲ್ಪನಾಕಥೆಯ ಚಲನಚಿತ್ರ ಹಾಗೂ ಟೆಲಿವಿಷನ್ ಪಠ್ಯಗಳಲ್ಲಿ, ಒಮ್ಮೆ ಹಾರಿದ ಅಂತರಿಕ್ಷ ನೌಕೆಯು ಅದೇ ಕೋನದಲ್ಲಿ, ಅದೇ ಬೆಳಕಿನಲ್ಲಿ, ಅದೇ ನಕ್ಷತ್ರಗಳ ಮುಂದೆ ಮತ್ತೊಮ್ಮೆ ಹಾರುವ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧವು ‘ನೌಕಾಪುನರುಡ್ಡಯನ’ ಎಂದು ಕರೆಯುತ್ತದೆ. ಪುನಃ ಎಂದರೆ ಮತ್ತೆ, ಉಡ್ಡಯನ ಎಂದರೆ ಹಾರಾಟ. ಎರಡೂ ಕೂಡಿದರೆ ‘ಹಳೆಯ ರೀಲನ್ನೇ ತಿರುಗಿ ಹಾಕುವುದು’ ಎಂಬ ಅರ್ಥ ಬರುತ್ತದೆಯಾದರೂ, ಅಷ್ಟು ಸರಳವಾಗಿ ಹೇಳಿದರೆ ವಿಚಾರ ಸಂಕಿರಣಕ್ಕೆ ಪ್ರಯಾಣಭತ್ಯೆ ಮಂಜೂರಾಗದ ಕಾರಣ ಸಂಸ್ಕೃತ ಪದವೇ ಗ್ರಾಹ್ಯವೆನಿಸಿದೆ. ಹೇಳಿದ್ದನ್ನೇ ಹೇಳುವುದನ್ನು ಅಲಂಕಾರಶಾಸ್ತ್ರವು ಪುನರುಕ್ತಿ ದೋಷವೆಂದು ಎಣಿಸಿತು. ಆದರೆ ಒಂದು ಷಾಟ್‌ಗೆ ತಗಲುವ ಖರ್ಚಿನ ಲೆಕ್ಕವನ್ನು ನಿರ್ಮಾಪಕನಿಗೆ ಒಪ್ಪಿಸುವ ಪ್ರಸಂಗ ಲಾಕ್ಷಣಿಕರಲ್ಲಿ ಯಾರಿಗೂ ಬಂದಿರಲಿಲ್ಲವೆಂಬುದನ್ನು ಮರೆಯಲಾಗದು.

ಈ ವಿದ್ಯಮಾನಕ್ಕೆ ಐದು ಪ್ರಭೇದಗಳಿವೆ. ಮೊದಲನೆಯದು ‘ಸ್ವಗೃಹೀಯ ಪುನರುಡ್ಡಯನ’, ಅಂದರೆ ತನ್ನ ಮನೆಯ ಉಗ್ರಾಣದಿಂದ ತಾನೇ ತೆಗೆದುಕೊಳ್ಳುವುದು. 1979ರ ಮೊದಲ ‘ಸ್ಟಾರ್ ಟ್ರೆಕ್’ ಚಲನಚಿತ್ರದಲ್ಲಿ ಎಂಟರ್‌ಪ್ರೈಸ್ ನೌಕೆಯು ದುರಸ್ತಿ ಕಟ್ಟೆಯಿಂದ ಹೊರಡುವ ದೃಶ್ಯಗಳು 1982ರ ಎರಡನೆಯ ಚಿತ್ರದಲ್ಲಿ ಮತ್ತೆ ಬಂದದ್ದು ಇದಕ್ಕೆ ಸಾಮಾನ್ಯ ಉದಾಹರಣೆ. ಇದರ ಉಪಪ್ರಭೇದವಾದ ‘ಸಹಚಿತಾದಹನ’ವು ಹೆಚ್ಚಿನ ಅನುಸಂಧಾನಕ್ಕೆ ಅರ್ಹವಾಗಿದೆ. 1991ರ ಆರನೆಯ ಚಿತ್ರದಲ್ಲಿ ಛಾಂಗ್ ಎಂಬ ಕ್ಲಿಂಗನ್ ಸೇನಾನಿ ಷೇಕ್ಸ್‌ಪಿಯರನ ಸಾಲನ್ನು ಹೇಳುತ್ತಲೇ ನೌಕೆಯೊಂದಿಗೆ ಸಿಡಿದುಹೋಗುತ್ತಾನೆ; 1994ರ ‘ಜನರೇಷನ್ಸ್’ನಲ್ಲಿ ಲುರ್ಸಾ ಮತ್ತು ಬೆಟೋರ್ ಎಂಬ ಅಕ್ಕತಂಗಿಯರೂ ತಮ್ಮ ನೌಕೆಯೊಂದಿಗೆ ಸಿಡಿಯುತ್ತಾರೆ; ಎರಡೂ ಬಾರಿ ಏಳುವುದು ಅದೇ ಬೆಂಕಿಯುಂಡೆ, ಚದುರುವುದು ಅವೇ ಚೂರುಗಳು. ಮೂರು ವರ್ಷದ ಅಂತರದಲ್ಲಿ ಒಂದೇ ಚಿತೆಯಲ್ಲಿ ಮೂವರನ್ನು ಸುಟ್ಟ ಈ ಮಿತವ್ಯಯವನ್ನು ಯಾವ ಧರ್ಮಶಾಸ್ತ್ರವೂ ಚರ್ಚಿಸಿದಂತಿಲ್ಲ.

ಎರಡನೆಯದು ‘ದರ್ಪಣೀಯ’. 1966ರಲ್ಲಿ ಪ್ರಸಾರ ಆರಂಭಿಸಿದ ಮೂಲ ಧಾರಾವಾಹಿಗಾಗಿ ಕಟ್ಟಿದ, ಸುಮಾರು 11 ಅಡಿ ಉದ್ದದ ಎಂಟರ್‌ಪ್ರೈಸ್ ಮಾದರಿಗೆ ದೀಪದ ತಂತಿಗಳೆಲ್ಲ ಎಡಮಗ್ಗುಲಿನಿಂದ ಒಳಹೋಗುತ್ತಿದ್ದುದರಿಂದ, ಗೋಡೆಗೊರಗಿಸಿದ ವಿಗ್ರಹದಂತೆ ಅದಕ್ಕೆ ತೋರಿಸಲು ಯೋಗ್ಯವಾದ ಮಗ್ಗುಲು ಒಂದೇ ಇತ್ತು. ಎಡಮಗ್ಗುಲು ಬೇಕೆಂದಾಗ ಬಲಮಗ್ಗುಲಿಗೇ ನೌಕೆಯ ಸಂಖ್ಯೆಯನ್ನು ತಿರುಗುಮುರುಗಾಗಿ ಅಂಟಿಸಿ, ಚಿತ್ರೀಕರಿಸಿ, ಫಿಲ್ಮನ್ನು ಮಗುಚಿ ಹಾಕಲಾಗುತ್ತಿತ್ತು. ಆ ಮಾದರಿ ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಮಾನ ಮತ್ತು ಅಂತರಿಕ್ಷ ಸಂಗ್ರಹಾಲಯದಲ್ಲಿದೆ.

ಮೂರನೆಯದಾದ ‘ವೃತ್ತ್ಯಂತರ’ ಪ್ರಭೇದದಲ್ಲಿ ನೌಕೆಯು ಕಸುಬು ಬದಲಿಸುತ್ತದೆ. 1972ರ ‘ಸೈಲೆಂಟ್ ರನ್ನಿಂಗ್’ ಚಿತ್ರದಲ್ಲಿ ಭೂಮಿಯ ಕೊನೆಯ ಕಾಡುಗಳನ್ನು ಗಾಜಿನ ಗುಮ್ಮಟಗಳಲ್ಲಿ ಹೊತ್ತು ಸಾಗಿದ ಹಡಗುಗಳು, 1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಧಾರಾವಾಹಿಯಲ್ಲಿ ಆಹಾರ ಬೆಳೆಯುವ ಒಕ್ಕಲುತನಕ್ಕೆ ಇಳಿದವು. ಆ ಧಾರಾವಾಹಿಯಲ್ಲೇ ಶತ್ರುವಿಮಾನಗಳು ವಾರವಾರವೂ ಅದೇ ಭಂಗಿಯಲ್ಲಿ ಉರಿದುಬಿದ್ದವು. ಮುಂದೆ 1988ರ ‘ಸ್ಪೇಸ್ ಮ್ಯೂಟಿನಿ’ಯಲ್ಲಿ ಗ್ಯಾಲಾಕ್ಟಿಕಾ ನೌಕೆಯೇ ‘ಸದರ್ನ್ ಸನ್’ ಎಂಬ ಹೆಸರಿಟ್ಟುಕೊಂಡು ಬಂದಿತು. 1982ರ ಟರ್ಕಿಯ ‘ದುನ್ಯಾಯಿ ಕುರ್ತಾರಾನ್ ಆದಮ್’ ಚಿತ್ರವಂತೂ ನಾಯಕ ಜುನೈತ್ ಆರ್ಕಿನ್‌ಗೆ ಹೆಲ್ಮೆಟ್ ತೊಡಿಸಿ ಕೂರಿಸಿ, ಬೆನ್ನ ಹಿಂದೆ ‘ಸ್ಟಾರ್ ವಾರ್ಸ್’ ಚಿತ್ರದ ತುಣುಕುಗಳನ್ನೇ ಓಡಿಸಿತು; ಮೂಲ ಚಿತ್ರದಲ್ಲಿ ಷಾಟ್ ಕತ್ತರಿಸಿದಾಗಲೆಲ್ಲ ಅವನ ಬೆನ್ನಿನ ಬ್ರಹ್ಮಾಂಡವೂ ಗಕ್ಕನೆ ಜಿಗಿಯುತ್ತದೆ, ಅವನು ಮಾತ್ರ ಕದಲುವುದಿಲ್ಲ.

ನಾಲ್ಕನೆಯ ಮತ್ತು ಐದನೆಯ ಪ್ರಭೇದಗಳ ವಿಷಯಕ್ಕೆ ಬಂದರೆ, ಪೀಠಿಕೆ ಬರೆಯುವ ಹೊತ್ತಿಗೆ ಐದು ಎಂಬ ಸಂಖ್ಯೆ ತೂಕವಾಗಿ ಕಂಡಿತ್ತು ಎಂಬುದಕ್ಕಿಂತ ಹೆಚ್ಚಿನ ಸಮರ್ಥನೆ ಅವಕ್ಕಿಲ್ಲ. ಒಂದೇ ಪ್ರಬಂಧವು ಶೀರ್ಷಿಕೆ ಬದಲಿಸಿಕೊಂಡು ಮೂರು ಜಿಲ್ಲೆಗಳ ಮೂರು ಸಂಕಿರಣಗಳಲ್ಲಿ ಹಾರಾಡಿ, ಮೂರೂ ಕಡೆ ಶಾಲು ಹೊದೆಸಿಕೊಂಡು ಇಳಿಯುವ ನಾಡಿನಲ್ಲಿ ವಿದ್ವಾಂಸರು ಈ ಕೊರತೆಯನ್ನು ಮನ್ನಿಸಿಯಾರು.

ಅದೇ ವಿದ್ವಾಂಸರ ಬಳಿ ಇಂಥ ಎಲ್ಲಕ್ಕೂ ಒಂದು ಪಾರಿಭಾಷಿಕ ಪದವಿದೆ: ‘ಅಂತರ್‌ಪಠ್ಯೀಯ ಮರುವಿನಿಯೋಗ’. ತನ್ನ ಉಗ್ರಾಣದ ಅಕ್ಕಿಯನ್ನು ತಾನು ಉಣ್ಣುವುದಕ್ಕೂ ಪಕ್ಕದ ಮನೆಯ ಪಾತ್ರೆಯ ಮೇಲಿನ ಹೆಸರನ್ನು ಉಜ್ಜಿ ಅಳಿಸುವುದಕ್ಕೂ ಒಂದೇ ಪದ ಸಾಲುತ್ತದೆಂದು ನಂಬುವವರು ಪಾವೆಲ್ ಕ್ಲುಶಾಂತ್ಸೆವ್‌ನ ಕಥೆಯನ್ನು ಓದಿಲ್ಲ, ಇಲ್ಲವೇ ಓದಿಯೂ ನಾಚಿಲ್ಲ.

ಲೆನಿನ್‌ಗ್ರಾಡಿನ ಜನಪ್ರಿಯ ವಿಜ್ಞಾನ ಚಿತ್ರಗಳ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಕ್ಲುಶಾಂತ್ಸೆವ್, ಸ್ಪುಟ್ನಿಕ್ ಹಾರಿದ 1957ರಲ್ಲೇ ‘ನಕ್ಷತ್ರಗಳಿಗೆ ದಾರಿ’ ಎಂಬ ಚಿತ್ರ ಮಾಡಿದವನು. ಭಾರರಹಿತ ಸ್ಥಿತಿಯನ್ನು ತೋರಿಸಲು ನಟನನ್ನು ಮೇಲಿನಿಂದ ತಂತಿಗೆ ತೂಗುಹಾಕಿ, ಕ್ಯಾಮೆರಾವನ್ನು ನೇರ ಕೆಳಗಿಟ್ಟು, ತಂತಿಯನ್ನು ನಟನ ಮೈಯ ಹಿಂದೆಯೇ ಮರೆಮಾಡಿದವನು. 1962ರಲ್ಲಿ ಅವನು ಮಾಡಿದ ‘ಪ್ಲಾನೆತಾ ಬುರ್’, ಅಂದರೆ ಬಿರುಗಾಳಿಗಳ ಗ್ರಹ, ಶುಕ್ರನ ಮೇಲಿಳಿದ ಯಾತ್ರಿಕರ ಕಥೆ. ಅಮೆರಿಕದ ನಿರ್ಮಾಪಕ ರೋಜರ್ ಕೊರ್ಮನ್ ಅದನ್ನು ಕೊಂಡ; ದುಡ್ಡು ಕೊಟ್ಟೇ ಕೊಂಡನೆಂಬುದನ್ನು ಹೇಳಲೇಬೇಕು. ಆದರೆ 1965ರಲ್ಲಿ ಅದು ಒಂದಿಷ್ಟು ಹೊಸ ದೃಶ್ಯ ಸೇರಿಸಿಕೊಂಡು ಇಂಗ್ಲಿಷ್ ಚಿತ್ರವಾಗಿ ಹೊರಬಂದಾಗ ರಷ್ಯನ್ ನಟರ ಹೆಸರುಗಳು ಇಂಗ್ಲಿಷ್ ಕಿವಿಗೆ ಹೊಂದುವ ಸುಳ್ಳು ಹೆಸರುಗಳಾಗಿದ್ದವು. ತಿಂಗಳುಗಟ್ಟಲೆ ಕೂತು ತಗಡು, ಮರ, ಬಣ್ಣಗಳಿಂದ ಶುಕ್ರಗ್ರಹವನ್ನು ಕಟ್ಟಿದವರ ಹೆಸರನ್ನು ತೆಗೆದುಹಾಕಲು ಒಂದು ಕತ್ತರಿ ಸಾಕಾಯಿತು. ಇದಕ್ಕೆ ಮರುವಿನಿಯೋಗವೆಂದು ಹೆಸರಿಟ್ಟವನು ಸ್ವತಃ ಒಂದು ಬೆಂಕಿಪೊಟ್ಟಣದಷ್ಟು ನೌಕೆಯನ್ನಾದರೂ ಕಟ್ಟಿ ನೋಡಬೇಕಿತ್ತು.

1968ರಲ್ಲಿ ಅದೇ ದೃಶ್ಯಗಳು ಮೂರನೆಯ ಸಲ ತೆರೆಗೆ ಬಂದವು. ಪೀಟರ್ ಬೊಗ್ದನೋವಿಚ್ ಈ ಬಾರಿ ಕಡಲತೀರದಲ್ಲಿ ಚಿಪ್ಪಿನ ಉಡುಗೆ ತೊಟ್ಟ ಶುಕ್ರಲೋಕದ ಹೆಂಗಸರನ್ನು ಚಿತ್ರೀಕರಿಸಿ ಹಳೆಯ ಚಿತ್ರಕ್ಕೆ ಹೊಲಿದ. ನಿರ್ದೇಶಕನೆಂದು ಹಾಕಿಕೊಂಡದ್ದು ಅವನ ಹೆಸರೂ ಅಲ್ಲ, ಡೆರೆಕ್ ಥಾಮಸ್ ಎಂಬ ಸುಳ್ಳು ಹೆಸರು. ಹೆಂಗಸರು ದಡದಲ್ಲಿ ಕೂತು ಯಾತ್ರಿಕರತ್ತ ನೋಡುತ್ತಾರೆ, ಯಾತ್ರಿಕರು ಇನ್ನೆತ್ತಲೋ ನೋಡುತ್ತಾರೆ; ಎರಡು ಗುಂಪುಗಳ ನಡುವೆ ಆರು ವರ್ಷ ಮತ್ತು ಒಂದು ಮಹಾಸಾಗರ ಇರುವುದರಿಂದ ಚಿತ್ರದುದ್ದಕ್ಕೂ ಅವರು ಎದುರಾಗುವುದೇ ಇಲ್ಲ. ಕೊನೆಗೆ ಆ ಹೆಂಗಸರು ತಮ್ಮ ಹಳೆಯ ದೇವರನ್ನು ಬಿಟ್ಟು, ಯಾತ್ರಿಕರು ಲಾವಾದಲ್ಲಿ ಬಿಟ್ಟುಹೋದ ರೋಬಾಟನ್ನು ನಿಲ್ಲಿಸಿಕೊಂಡು ಪೂಜಿಸತೊಡಗುತ್ತಾರೆ. ಆ ರೋಬಾಟ್ ಲೆನಿನ್‌ಗ್ರಾಡಿನದು.