ಯೂನಿಟ್ ರಾಯರು

ನಮ್ಮ ಬೀದಿಯ ಯೂನಿಟ್ ರಾಯರಿಗೆ ತಂದೆತಾಯಿ ಇಟ್ಟ ಹೆಸರೂ ಒಂದಿದೆ. ಅದು ಈಗ ವೋಟರ್ ಲಿಸ್ಟಿನಲ್ಲಿ ಮಾತ್ರ ಚಾಲ್ತಿಯಲ್ಲಿದೆ. ಬ್ಯಾಂಕಿನಿಂದ ನಿವೃತ್ತರಾದವರು, ಊರವರ ದುಡ್ಡು ಎಣಿಸಿದ ಕೈ ಸುಮ್ಮನಿರಲಾರದೆ ಯೂನಿಟ್ ಎಣಿಸತೊಡಗಿತು.

ನಿಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಅವರ ಕಣ್ಣು ಫ್ಯಾನಿನ ಮೇಲೆ. "ಹಳೇದಾ? ಎಪ್ಪತ್ತೈದು ವಾಟ್ ತಿನ್ನುತ್ತೆ ಸ್ವಾಮಿ. ಬಿಎಲ್‌ಡಿಸಿ ಹಾಕಿಸಿ, ಇಪ್ಪತ್ತೆಂಟು-ಮೂವತ್ತರಲ್ಲಿ ಮುಗೀತು." ಕಾಫಿ ಬರುವಷ್ಟರಲ್ಲಿ ಅಡುಗೆಮನೆಗೆ ಇಣುಕಿ, ಜಾತಕ ನೋಡುವ ಗಾಂಭೀರ್ಯದಲ್ಲಿ ನಿಮ್ಮ ಫ್ರಿಜ್ಜಿನ ನಕ್ಷತ್ರ ಎಣಿಸಿರುತ್ತಾರೆ. ನೀವು ರೂಮಿನಿಂದ ಎದ್ದು ಬಂದಿರೋ, ಬೆನ್ನ ಹಿಂದೆ 'ಟಪ್'. ಅದು ಸ್ವಿಚ್ಚು. ಒಮ್ಮೆ ಒಂದು ಮದುವೆಯಲ್ಲಿ ಮಟಮಟ ಮಧ್ಯಾಹ್ನ ಉರಿಯುತ್ತಿದ್ದ ಸೀರಿಯಲ್ ಸೆಟ್ಟನ್ನು ಆರಿಸಲು ಹೋಗಿ, ವಾಲಗದವರ ಮೈಕನ್ನೂ ಆರಿಸಿಬಿಟ್ಟರು. ಇಷ್ಟಾದರೂ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಾಗದು, ಏಕೆಂದರೆ ಅವರು ಹೇಳುವುದೆಲ್ಲ ಸರಿಯಾಗಿರುತ್ತದೆ. ಅದೇ ತಡೆಯಲಾಗದ್ದು.

ಬೆಳಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವರದು ಸೂರ್ಯನ ಪಕ್ಷ. ಪಾವಗಡದ 13,000 ಎಕರೆ, 2,050 ಮೆಗಾವಾಟ್ ಎಂಬುದನ್ನು ವಿಷ್ಣು ಸಹಸ್ರನಾಮದಂತೆ ಕಣ್ಣು ಮುಚ್ಚಿ ಹೇಳುತ್ತಾರೆ. "ಮಳೆ ಬಾರದ ಊರು ಸ್ವಾಮಿ, ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಈಗ ಬಿಸಿಲೇ ಬೆಳೆ!" ಪಕ್ಕದಲ್ಲಿ ಕೂರುವವರು ರಾಯಚೂರಿನ ಶಕ್ತಿನಗರದಲ್ಲಿ ಬೂದಿ ಉಸಿರಾಡಿಯೇ ಪೆನ್ಷನ್ನಿಗೆ ಬಂದವರು. ಅವರು ತಣ್ಣಗೆ ಕೇಳುತ್ತಾರೆ: "ನಿಮ್ಮ ಸೂರ್ಯ ಸಂಜೆ ಆರಕ್ಕೆ ಡ್ಯೂಟಿ ಮುಗಿಸ್ತಾನೆ. ಜನ ಮನೆಗೆ ಬಂದು ಟಿವಿ ಹಾಕೋದು ಏಳಕ್ಕೆ. ಆಮೇಲೆ ಯಾರನ್ನ ಕರೀತೀರಿ? 85ರಿಂದ ಆ ಹೊತ್ತಲ್ಲಿ ಎದ್ದು ಬಂದಿರೋದು ನಮ್ಮ ಕಲ್ಲಿದ್ದಲೇ." ಅಷ್ಟರಲ್ಲಿ ಯಾರೋ ಕೈಗಾ ತೆಗೆಯುತ್ತಾರೆ. ಅಲ್ಲಿನ ಮೊದಲ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮನೆ ನಿಲ್ಲದೆ ಓಡಿತ್ತು. "ನಮ್ಮನೆ ಮಿಕ್ಸಿ ಒಂಬತ್ತು ನಿಮಿಷ ಓಡಿದರೆ ವಾಸನೆ ಬರುತ್ತೆ" ಎಂದು ಒಬ್ಬರು ನಿಟ್ಟುಸಿರು ಬಿಡುತ್ತಾರೆ.

ರಾಯರ ಬತ್ತಳಿಕೆಯ ಕೊನೆಯ ಬಾಣ ಶರಾವತಿಯ ಪಂಪ್ಡ್ ಸ್ಟೋರೇಜ್. ಹಗಲು ಹೆಚ್ಚಾದ ಸೂರ್ಯನ ಕರೆಂಟಿನಲ್ಲಿ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಏರಿಸುವುದು, ಸಂಜೆ ಇಳಿಸಿ 2,000 ಮೆಗಾವಾಟ್ ತೆಗೆಯುವುದು. ಇದನ್ನು ಹೇಳುವಾಗ ಅವರ ಎರಡೂ ಕೈ ಜಾಯಿಂಟ್ ವ್ಹೀಲಿನಂತೆ ಮೇಲೆ ಕೆಳಗೆ ಆಡುತ್ತವೆ. ಬೆಂಚಿನ ತುದಿಯಲ್ಲಿ ಸಾಗರದ ಕಡೆಯ ಹಿರಿಯರೊಬ್ಬರು ಎಲೆಗೆ ಸುಣ್ಣ ಸವರುತ್ತಿರುತ್ತಾರೆ. ಒಂದು ದಿನ ಅವರು ಬಾಯಿ ಬಿಟ್ಟರು. "ಏರಿಸೋಕೆ ಹೆಚ್ಚು ಕರೆಂಟು, ಇಳಿಸಿದಾಗ ಬರೋದು ಕಮ್ಮಿ ಅಲ್ದಾ ರಾಯರೆ? ಹೋಗ್ಲಿ ಬಿಡಿ. ಲಿಂಗನಮಕ್ಕಿ ತುಂಬಿದಾಗ ನಮ್ಮ ತೋಟ ನೀರಡಿ ಹೋತು. ಆ ನೀರಿಂದ ನಿಮಗೆಲ್ಲ ಬೆಳಕಾತು. ನಾ ಎಸ್ಸೆಲ್ಸಿ ಓದಿದ್ದು ಚಿಮಣಿ ಬುಡ್ಡೀಲಿ." ಅಂದು ಸಭೆ ಬೇಗ ಬರಖಾಸ್ತಾಯಿತು.

ಇಂಥ ರಾಯರು ಮನೆಯಲ್ಲಿ ಸೋತಿದ್ದು ಒಂದು ಬಲ್ಬಿಗೆ.

ಕೋವಿಡ್ ಕಾಲದ ಒಂದು ರಾತ್ರಿ. ಮಂಕಿ ಕ್ಯಾಪು, ಶಾಲು, ಕೈಯಲ್ಲಿ ಟಾರ್ಚು. ರಾಯರು ಮೀಟರಿನ ಮುಂದೆ ನಿಂತಿದ್ದರು. ಅವರ ಮೀಟರಿನ ಪುಟ್ಟ ಕೆಂಪು ದೀಪ 3,200 ಸಲ ಮಿಣುಕಿದರೆ ಒಂದು ಯೂನಿಟ್. ಫ್ರಿಜ್ಜು ಸೇರಿ ಎಲ್ಲವನ್ನೂ ಆರಿಸಿ ಬಂದಿದ್ದಾರೆ. ಆದರೂ ಎಪ್ಪತ್ತೈದು ಸೆಕೆಂಡಿಗೊಮ್ಮೆ 'ಮಿಣುಕ್'. ಲೆಕ್ಕ ಹಾಕಿದರೆ ಹದಿನೈದು ವಾಟ್. ಕಳ್ಳ ಮನೆಯೊಳಗೇ ಇದ್ದಾನೆ! ಒಂದೊಂದೇ ಕೋಣೆ ಹುಡುಕುತ್ತ ಹೋದರೆ, ದೇವರ ಮನೆಯಲ್ಲಿ ಕೆಂಪಗೆ ಉರಿಯುತ್ತಿದೆ ಝೀರೋ ಬಲ್ಬು.

ಝೀರೋ ಬಲ್ಬಿನ ಗುಟ್ಟು ಗೊತ್ತಲ್ಲ? ಚಕ್ರ ತಿರುಗುವ ಹಳೇ ಮೀಟರುಗಳು ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲವಂತೆ, ಅದಕ್ಕೇ 'ಝೀರೋ' ಎಂದು ಪ್ರತೀತಿ. ತಿನ್ನುವುದು ಮಾತ್ರ ಹನ್ನೆರಡರಿಂದ ಹದಿನೈದು ವಾಟ್. ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಹನ್ನೊಂದು ಯೂನಿಟ್ ಹತ್ತಿರ.

"ಇದನ್ನ ತೆಗೆದು ಅರ್ಧ ವಾಟಿನ ಎಲ್‌ಇಡಿ ಹಾಕ್ತೀನಿ" ಎಂದರು ರಾಯರು.

"ಅತ್ತೆ ಹಾಕಿಸಿದ್ದು. ಮೂವತ್ತು ವರ್ಷದಿಂದ ಆರಿಲ್ಲ. ನೀವು ಮೊದಲು ಆ ಟೋಪಿ ತೆಗೀರಿ" ಎಂದರು ಅಮ್ಮಾವರು. ರಾಯರು ಟೋಪಿ ತೆಗೆದರು. ಬಲ್ಬು ಉಳಿಯಿತು.

2023ರಲ್ಲಿ ಗೃಹಜ್ಯೋತಿ ಬಂತು. ಇನ್ನೂರು ಯೂನಿಟ್‌ವರೆಗೆ ಪುಕ್ಕಟೆ ಎಂದಷ್ಟೇ ಕೇಳಿ ಎಲ್ಲರಂತೆ ರಾಯರೂ ಹಿಗ್ಗಿದರು. ಆಮೇಲೆ ನಿಯಮ ಓದಿದರು. ಅವರು ಓದದೇ ಬಿಡುವವರಲ್ಲ. ಹಿಂದಿನ ವರ್ಷದ ತಿಂಗಳ ಸರಾಸರಿ, ಅದರ ಮೇಲೆ ಶೇಕಡ ಹತ್ತು. ಅಷ್ಟೇ ನಿಮ್ಮ ಪಾಲು. ಎದುರು ಮನೆಯಲ್ಲಿ ಗೀಸರು, ಹಳೇ ಫ್ಯಾನು, ಯಾರೂ ಇಲ್ಲದ ರೂಮಿನಲ್ಲೂ ಟ್ಯೂಬ್‌ಲೈಟು. ಸರಾಸರಿ 160, ಪಾಲು 176. ತಾರಸಿಯ ಮೇಲೆ ಸೋಲಾರ್ ಹೀಟರ್ ಇಟ್ಟು, ಜೀವಮಾನವಿಡೀ 'ಟಪ್ ಟಪ್' ಎಂದು ಸ್ವಿಚ್ಚು ಒತ್ತಿದ ರಾಯರ ಸರಾಸರಿ 52, ಪಾಲು 57. ಡಿಸ್ಟಿಂಕ್ಷನ್ ಬಂದ ಹುಡುಗನಿಗೆ ಸೀಟು ತಪ್ಪಿ, ಡುಮ್ಕಿ ಹೊಡೆದವನಿಗೆ ಸಿಕ್ಕಂತೆ. ಎರಡು ದಿನ ರಾಯರು ಪಾರ್ಕಿಗೆ ಬರಲಿಲ್ಲ. ಮೂರನೆಯ ದಿನ ನಾನೇ ಹೋಗಿ ನೋಡಿದರೆ, ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು.

"ಉಳಿಸಿದ್ದೇ ತಪ್ಪಾಯ್ತಲ್ಲ ಸ್ವಾಮಿ."

ಅಮ್ಮಾವರು ಹುರುಳಿಕಾಯಿ ಸೋಸುತ್ತ ಕೂತಿದ್ದರು. "ರೀ, ಆ ಐವತ್ತೆರಡರಲ್ಲಿ ದೇವರ ಮನೆ ಬಲ್ಬಿನದ್ದೂ ಸೇರಿತ್ತಲ್ವಾ?"

"ಹ್ಞೂಂ, ಹನ್ನೊಂದು."

"ನಿಮ್ಮ ಮಾತು ಕೇಳಿ ಆವತ್ತೇ ತೆಗೆಸಿದ್ದಿದ್ರೆ?"

ರಾಯರು ಪೆನ್ಸಿಲ್ ಹಿಡಿದರು. ನಲವತ್ತೊಂದು. ಆಗಿನ ಲೆಕ್ಕಕ್ಕೆ ನಲವತ್ತೈದೇ ಪಾಲು. ಪೆನ್ಸಿಲ್ ಕೆಳಗಿಟ್ಟರು.

ಅದಾದ ಮುಂದಿನ ಶುಕ್ರವಾರ ಅಮ್ಮಾವರು ತಾವೇ ಅಂಗಡಿಗೆ ಹೋಗಿ ಅರ್ಧ ವಾಟಿನ ಎಲ್‌ಇಡಿ ತಂದು, ಹಳೇ ಬಲ್ಬಿಗೆ ಕುಂಕುಮ ಇಟ್ಟು ಬಿಚ್ಚಿಸಿದರು. ಮಿಕ್ಕ ಯೂನಿಟ್ಟಿಗೆ ಅವರದೇ ಯೋಜನೆಯಿತ್ತು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಗ್ರೈಂಡರು ಕೆಳಗಿಳಿಯಿತು. ಈಗ ಆ ಮನೆಯಲ್ಲಿ ವಾರಕ್ಕೆ ಮೂರು ದಿನ ದೋಸೆ. ನಾನೂ ಎರಡು ಸಲ ಫಲಾನುಭವಿ.

ಮೊನ್ನೆ ರಾತ್ರಿ ಹತ್ತೂವರೆಗೆ ಗೇಟು ಹಾಕಲು ಹೋದಾಗ ನೋಡಿದೆ: ಅದೇ ಮಂಕಿ ಕ್ಯಾಪು, ಅದೇ ಶಾಲು, ಈ ಸಲ ಕುರ್ಚಿ ಬೇರೆ.

"ಏನು ರಾಯರೆ?"

"ಶ್! ಎಲ್ಲಾ ಆರಿಸಿದೀನಿ. ಅರ್ಧ ವಾಟಿಗೆ ಲೆಕ್ಕದ ಪ್ರಕಾರ ಮೂವತ್ತೇಳೂವರೆ ನಿಮಿಷಕ್ಕೆ ಒಂದು ಮಿಣುಕು. ಇಷ್ಟು ಕಮ್ಮೀನ ಈ ಮೀಟರು ಹಿಡಿಯುತ್ತೋ ಇಲ್ಲವೋ, ಇವತ್ತು ತೀರ್ಮಾನ ಆಗಲಿ. ಇಪ್ಪತ್ತೊಂಬತ್ತಾಯ್ತು."

ಒಳಗಿನಿಂದ ದನಿ ಬಂತು. "ರೀ, ಫ್ರಿಜ್ಜಲ್ಲಿ ಹಿಟ್ಟಿದೆ. ಹುಳಿ ಬಂದ್ರೆ ನಾಳೆ ನೀವೇ ತಿನ್ಬೇಕು."